ಸಕ್ಯುಲೆಂಟ್ ಎಲೆ ಲೊಳಲೊಳ ಆಗ್ತಿದ್ರೆ ಚಿಕ್ಕಮಗಳೂರಿನ ಈ ನರ್ಸರಿಗೆ ಪಾಟ್ ಸಮೇತ ತಗೊಂಡು ಹೋಗಿ

ಚಿಕ್ಕಮಗಳೂರಲ್ಲಿ ಗಿಡ ಮಾರೋ ಜಾಗಕ್ಕೇನೂ ಬರ ಇಲ್ಲ. ಗುಲಾಬಿ, ಕ್ರೋಟನ್, ಆಂಥೂರಿಯಂ ಎಲ್ಲಿ ಬೇಕಾದ್ರೂ ಸಿಗತ್ತೆ, ಈಗೀಗ ಪುಟ್ಟ ಪುಟ್ಟ ಪಾಟಲ್ಲಿ ಸಕ್ಯುಲೆಂಟೂ, ಅಂದ್ರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಕೊಳ್ಳೋ ಗಿಡಗಳೂ, ಎಲ್ಲಾ ಕಡೆ ಬಂದಿದೆ. ಆದ್ರೆ ಹಾಳಾಗ್ತಿರೋ ಗಿಡನ ಕೈಯಲ್ಲಿ ಹಿಡ್ಕೊಂಡು ಹೋದ್ರೆ ಅದನ್ನ ಪಾಟಿಂದ ಎತ್ತಿ, ಬೇರು ನೋಡಿ, ಆಮೇಲೆ ಬಾಯಿ ಬಿಡೋರು ತುಂಬಾ ಕಮ್ಮಿ. ಅಂಥ ಒಂದು ಜಾಗ ಸಿಕ್ಕಿದೆ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ. ಕಡೂರು ಕಡೆ ಹೋಗೋ ರಸ್ತೇಲಿ ಊರು ಮುಗೀತಾ ಬರ್ತಿದ್ದ ಹಾಗೆ ಎಡಗಡೆಗೆ ಹಸಿರು ನೆಟ್ ಕಾಣತ್ತೆ, ಮುಂದೆ ಸಿಮೆಂಟ್ ಪಾಟ್‌ಗಳು ಸಾಲಾಗಿ ಜೋಡಿಸಿರ್ತಾರೆ, ಬೋರ್ಡ್ ಇಲ್ಲ. ನಡೆಸೋರು ಒಬ್ಬರು ವಯಸ್ಸಾದ ಯಜಮಾನ್ರು, ಜೊತೆಗೆ ಅವರ ಮಗ. ಯಜಮಾನ್ರು ಮೊದ್ಲು ಬಾಳೆಹೊನ್ನೂರು ಕಡೆ ಎಸ್ಟೇಟ್‌ಗಳಲ್ಲಿ ಕಾಫಿ ಸಸಿ ನರ್ಸರಿ ನೋಡ್ಕೋತಾ ಇದ್ದೋರು, ಆ ಅನುಭವ ಎಷ್ಟು ಕೆಲಸಕ್ಕೆ ಬರತ್ತೆ ಅಂತ ಮುಂದೆ ಹೇಳ್ತೀನಿ.

ನಮ್ಮ ಗೃಹಪ್ರವೇಶಕ್ಕೆ ಅತ್ತಿಗೆ ಒಂದು ಬಿಳೀ ಪಿಂಗಾಣಿ ಬಟ್ಟಲು ಕೊಟ್ಟಿದ್ರು, ಅದರಲ್ಲಿ ಮೂರು ಸಕ್ಯುಲೆಂಟ್: ಎಲೆಗಳು ಹೂವಿನ ಥರ ಜೋಡಿಸ್ಕೊಂಡಿರೋ ಒಂದು ಎಚೆವೇರಿಯಾ, ಒಂದು ಹಾವರ್ತಿಯಾ, ಒಂದು ಸಣ್ಣ ಜೇಡ್ ಗಿಡ, ಮೇಲೆ ಬಣ್ಣದ ಕಲ್ಲು. ಆನ್‌ಲೈನಲ್ಲಿ ತರಿಸಿದ್ದು. ನೋಡಕ್ಕೆ ತುಂಬಾ ಚೆನ್ನಾಗಿತ್ತು, ಬೇಸಿಗೆಯೆಲ್ಲಾ ಕಿಟಕಿ ಹತ್ರ ಆರಾಮಾಗಿತ್ತು. ಜೂನ್ ಕೊನೇಲಿ ಆರಿದ್ರಾ ಮಳೆ ಹಿಡೀತು, ಪುನರ್ವಸು ಹೊತ್ತಿಗೆ ಬಿಸಿಲೇ ಇಲ್ಲ, ಎಚೆವೇರಿಯಾದ ಕೆಳಗಿನ ಎಲೆಗಳು ಒಂದೊಂದೇ ಹಳದಿ ತಿರುಗಿ, ಗಾಜಿನ ಥರ ಆಚೆ ಬದಿ ಕಾಣೋ ಹಾಗಾಗಿ, ಮುಟ್ಟಿದ್ರೆ ನೀರು ಒಸರೋ ಅಷ್ಟು ಮೆತ್ತಗಾಗಿಬಿಟ್ವು. ಜೇಡ್ ಗಿಡದ್ದು ಇನ್ನೊಂದು ಥರ, ಬಟ್ಟಲು ಸ್ವಲ್ಪ ಅಲ್ಲಾಡಿಸಿದ್ರೆ ಎಲೆ ಪಟಪಟ ಅಂತ ಉದುರೋದು. ಹಾವರ್ತಿಯಾ ಮಾತ್ರ ಸುಕ್ಕಾಗಿ ಒಳಕ್ಕೆ ಮುದುಡ್ಕೊಂಡಿತ್ತು.

ಮೊದ್ಲು ಊರೊಳಗೆ ಒಂದು ಅಂಗಡಿಯಲ್ಲಿ ಫೋಟೋ ತೋರಿಸಿದ್ವಿ. ಅವರು ಮೊಬೈಲ್ ಕೈಗೆ ತಗೋಳೋಕೆ ಮುಂಚೇನೇ ಫಂಗಸ್ ಅಂದ್ರು, ಕಾರ್ಬೆಂಡಜಿಮ್ ಪೌಡರ್ ಒಂದು ಪ್ಯಾಕೆಟ್, ಜೊತೆಗೆ ಗಿಡ ಚಿಗುರೋಕೆ ಅಂತ ಒಂದು ಟಾನಿಕ್ ಬಾಟ್ಲಿ ಕೊಟ್ರು. ಸುಕ್ಕಾಗಿರೋ ಹಾವರ್ತಿಯಾಗೆ ನೀರು ಸಾಲ್ತಿಲ್ಲ, ಚೆನ್ನಾಗಿ ಹಾಕಿ ಅಂತಾನೂ ಹೇಳಿದ್ರು. ಒಂದೇ ಬಟ್ಟಲು, ಒಂದೇ ಮಣ್ಣು, ಅದರಲ್ಲಿ ಒಂದು ಗಿಡಕ್ಕೆ ನೀರು ಜಾಸ್ತಿ ಆಗಿದೆ ಇನ್ನೊಂದಕ್ಕೆ ಕಮ್ಮಿ ಆಗಿದೆ ಅಂದ್ರೆ ಹೇಗೆ ಅಂತ ಅಲ್ಲೇ ಅನುಮಾನ ಬಂತು. ಆ ಟಾನಿಕ್ ಸೀಲೇ ಒಡೆದಿಲ್ಲ, ಬೇರು ಹೇಗಿದೆ ಅಂತ ನೋಡದೆ ಗೊಬ್ಬರದಂಥದ್ದು ಹಾಕೋದು ಸರಿ ಅನ್ನಿಸ್ಲಿಲ್ಲ. ಪೌಡರ್ ಕಲಸಿ ಹಾಕಿದ್ವಿ, ಎಲೆ ಕೊಳೆಯೋದು ನಿಲ್ಲಲಿಲ್ಲ.

ಆಮೇಲೆ ಆಫೀಸಲ್ಲಿ ಒಬ್ಬರು ಈ ನರ್ಸರಿ ಬಗ್ಗೆ ಹೇಳಿದ್ರು, ಬಟ್ಟಲು ಸಮೇತ ಮಡಿಲಲ್ಲಿ ಇಟ್ಕೊಂಡು ಹೋದ್ವಿ.

ಯಜಮಾನ್ರು ಮೊದ್ಲು ಕೇಳಿದ್ದೇ "ಇದಕ್ಕೆ ತೂತೆಲ್ಲಿದೆಯಮ್ಮಾ?" ಅಂತ. ಬಟ್ಟಲು ಎತ್ತಿ ತಳ ನೋಡಿದ್ರು, ತೂತಿಲ್ಲ. ಮೇಲಿನ ಬಣ್ಣದ ಕಲ್ಲು ಬೆರಳಲ್ಲಿ ಸರಿಸೋಕೆ ಹೋದ್ರೆ ಬರ್ಲಿಲ್ಲ, ಗೋಂದು ಹಾಕಿ ಅಂಟಿಸಿಬಿಟ್ಟಿದಾರೆ, ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಆಮೇಲೆ ಊದುಬತ್ತಿ ಉರಿದು ಉಳಿದಿರತ್ತಲ್ಲ, ಆ ಬರೀ ಕಡ್ಡಿ ಒಂದು ತಗೊಂಡು ಬಟ್ಟಲಿನ ಅಂಚಲ್ಲಿ ತಳದ ತನಕ ಚುಚ್ಚಿ ಸ್ವಲ್ಪ ಹೊತ್ತು ಹಾಗೇ ಬಿಟ್ರು. ಅಷ್ಟರಲ್ಲಿ ಎಲೆ ನೋಡ್ತಾ ಇದ್ರು, ಒಂದೊಂದನ್ನೂ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, ಬುಡದಿಂದ ಶುರು ಮಾಡಿ ನೆತ್ತಿ ತನಕ. ಕಡ್ಡಿ ಎಳೆದ್ರೆ ಮೇಲಿನ ಅರ್ಧ ಒಣಗಿದೆ, ಕೆಳಗಿನ ಅರ್ಧ ಕಪ್ಪಾಗಿ ಒದ್ದೆ, ಅದಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಂಟ್ಕೊಂಡಿದೆ. ಮೂಸಿ ನೋಡಿ ಅಂತ ನಮ್ಮ ಕೈಗೇ ಕೊಟ್ರು. ನೀರು ನಿಂತ ಗದ್ದೆ ಮೂಲೇಲಿ ಒಂದು ಕೊಳೆತ ವಾಸನೆ ಇರತ್ತಲ್ಲ, ಅದೇ.

ಆಮೇಲೆ ಗಿಡ ಎತ್ತಿದ್ರು. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇದನ್ನ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಮನೇಲೇ ಗುರುತು ಹಿಡೀಬಹುದು. ಎಚೆವೇರಿಯಾ ಬೇರಿಗೆ ಒಂದು ಸಣ್ಣ ಬಲೆ ಚೀಲ ಸುತ್ಕೊಂಡಿತ್ತು, ಸಸಿ ಬೆಳೆಸೋರು ಕೋಕೋಪೀಟ್ ಉಂಡೆ ಬಿಚ್ಚಿ ಹೋಗ್ಬಾರ್ದು ಅಂತ ಹಾಕೋ ಬಲೆ, ಅದನ್ನ ತೆಗೀದೆ ಹಾಗೇ ನೆಟ್ಟುಬಿಟ್ಟಿದಾರೆ. ಯಜಮಾನ್ರು ಕತ್ತರಿಯಲ್ಲಿ ಬಲೆ ಕತ್ತರಿಸಿ ಉಂಡೆ ಒಡೆದ್ರು, ಒಂದು ಬೇರು ಹಿಡಿದು ಬೆರಳಲ್ಲಿ ಸವರಿದ್ರು ನೋಡಿ, ಬೇರಿನ ಮೇಲಿನ ಕಂದು ಸಿಪ್ಪೆ ಪೂರ್ತಿ ಜಾರಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳೀತು. ಸತ್ತ ಬೇರು ಅಂದ್ರೆ ಹೀಗಿರತ್ತೆ. ಪಕ್ಕದಲ್ಲಿ ಅವರದ್ದೇ ಒಂದು ಒಳ್ಳೆ ಗಿಡ ಕಿತ್ತು ತೋರಿಸಿದ್ರು, ಅದರ ಬೇರು ಬೆಳ್ಳಗೆ ಗಟ್ಟಿ, ಎಳೆದ್ರೂ ಸಿಪ್ಪೆ ಬರಲ್ಲ. ನಮಗೆ ಅರ್ಥ ಆಗ್ಲಿ ಅಂತ ಮಾರೋ ಗಿಡನೇ ಕಿತ್ತು ತೋರಿಸೋರು ಎಲ್ಲಿ ಸಿಗ್ತಾರೆ ಹೇಳಿ.

ಹಾವರ್ತಿಯಾ ಕಿತ್ತಾಗ ಊರೊಳಗಿನ ಅಂಗಡಿಯೋರು ಹೇಳಿದ್ದು ಎಷ್ಟು ತಪ್ಪು ಅಂತ ಗೊತ್ತಾಯ್ತು. ಎಲೆ ಸುಕ್ಕಾಗಿದ್ದು ನಿಜ, ಗಿಡಕ್ಕೆ ಬಾಯಾರಿಕೆ ಆಗಿರೋದೂ ನಿಜ, ಆದ್ರೆ ಮಣ್ಣಲ್ಲಿ ನೀರಿಲ್ಲ ಅಂತ ಅಲ್ಲ, ನೀರು ಕುಡಿಯೋ ಬೇರೇ ಇಲ್ಲ. ಎಲ್ಲಾ ಕೊಳೆತು ಹೋಗಿದೆ. ಅಂಥ ಗಿಡಕ್ಕೆ ಸುಕ್ಕು ನೋಡಿ ಇನ್ನೂ ನೀರು ಸುರಿದ್ರೆ ಬುಡಾನೂ ಹೋಗತ್ತೆ. ಯಜಮಾನ್ರು ಹೇಳಿದ ಲೆಕ್ಕ ಹೀಗಿದೆ: ಎಲೆ ಸುಕ್ಕಾಗಿದೆ, ಮಣ್ಣು ತಳದ ತನಕ ಒಣಗಿದೆ, ಪಾಟ್ ಎತ್ತಿದ್ರೆ ಹಗುರ ಇದೆ ಅಂದ್ರೆ ಗಿಡಕ್ಕೆ ನೀರು ಬೇಕು, ತುಂಬಾ ಹಾಕಿ, ಒಂದೆರಡು ದಿನದಲ್ಲಿ ಎಲೆ ಮತ್ತೆ ತುಂಬ್ಕೊಳತ್ತೆ. ಎಲೆ ಸುಕ್ಕಾಗಿದೆ ಆದ್ರೆ ಮಣ್ಣು ಒದ್ದೆ ಇದೆ ಅಂದ್ರೆ ನೀರಿನ ಚೊಂಬು ಆಚೆ ಇಡಿ, ಮೊದ್ಲು ಬೇರು ನೋಡಿ. ಎಲೆ ಲೊಳಲೊಳ ಆಗಿ ಬೆಳಕಿಗೆ ಹಿಡಿದ್ರೆ ಆಚೆ ಕಾಣತ್ತೆ ಅಂದ್ರೆ ನೀರು ಜಾಸ್ತಿ, ಅದರಲ್ಲಿ ಎರಡನೇ ಮಾತೇ ಇಲ್ಲ. ಕೆಳಗಿನ ಎಲೆ ಒಂದೋ ಎರಡೋ ಕಾಗದದ ಥರ ಒಣಗಿ ಬುಡಕ್ಕೆ ಅಂಟ್ಕೊಂಡಿದ್ರೆ ಹೆದರೋದೇ ಬೇಡ, ಅದು ಹಳೇ ಎಲೆ, ಗಿಡಾನೇ ಅದರೊಳಗಿನ ನೀರೆಲ್ಲಾ ವಾಪಸ್ ತಗೊಂಡು ಬಿಟ್ಟಿರೋದು, ಎಲ್ಲಾ ಸಕ್ಯುಲೆಂಟಿಗೂ ಆಗೋದೇ. ಇನ್ನು ಬುಡ ಗಟ್ಟಿ ಇದ್ದು ನೆತ್ತಿ ಮಾತ್ರ ಮೆತ್ತಗಾಗಿದ್ರೆ ಹೂವಿನಾಕಾರದ ಎಲೆಗಳ ಮಧ್ಯ ನೀರು ನಿಂತು ಅಲ್ಲಿಂದ ಕೊಳೆತಿದೆ ಅಂತ, ಮೇಲಿಂದ ನೀರು ಚಿಮುಕಿಸೋರ ಮನೇಲಿ ಇದು ಜಾಸ್ತಿಯಂತೆ.

ಇದು ಯಾಕೆ ಹೀಗಾಗತ್ತೆ ಅಂತಾನೂ ಕೇಳಿದೆ. ಬೇರಿಗೂ ಉಸಿರಾಡೋಕೆ ಗಾಳಿ ಬೇಕು, ಕೋಕೋಪೀಟಿನ ಸಂದಿ ಎಲ್ಲಾ ನೀರು ತುಂಬ್ಕೊಂಡು ಕೂತ್ರೆ ಗಾಳಿ ಇರಲ್ಲ, ಬೇರು ಸಾಯತ್ತೆ, ಸತ್ತ ಬೇರಿಗೆ ಪೈಥಿಯಂ, ಫೈಟೋಫ್ತೋರಾ ಥರದ ರೋಗಾಣು ಬಂದು ಸೇರ್ಕೊಳತ್ತೆ. ಈ ಫೈಟೋಫ್ತೋರಾ ನಮ್ಮ ಜಿಲ್ಲೇಲಿ ಯಾರಿಗೂ ಹೊಸದಲ್ಲ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ, ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ತರೋದು ಇದೇ ಜಾತಿದು. ಅದರ ಬೀಜಾಣುಗಳು ನೀರಲ್ಲಿ ಈಜ್ಕೊಂಡು ಹೋಗ್ತವೆ, ಅದಕ್ಕೇ ನೀರು ನಿಂತ ಕಡೆ ಅಷ್ಟು ಬೇಗ ಹರಡತ್ತೆ, ಅದಕ್ಕೇ ತೋಟದಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಹೊಡೆಯೋದರ ಜೊತೆಗೆ ಬಸಿಗಾಲುವೆ ತೆಗೆಯೋದು. ಮುಖ್ಯ ವಿಷಯ ಏನಂದ್ರೆ ಇವು ನಿಜವಾದ ಫಂಗಸ್ ಜಾತಿಗೆ ಸೇರಲ್ಲ, ಕಾರ್ಬೆಂಡಜಿಮ್ ಇವುಗಳ ಮೇಲೆ ಕೆಲಸಾನೇ ಮಾಡಲ್ಲ. ಫ್ಯುಸೇರಿಯಂ ಥರದ ಫಂಗಸ್ಸಿಂದ ಕೊಳೆತಿದ್ರೆ ಮಾಡ್ಬಹುದು, ಆದ್ರೆ ತಳದಲ್ಲಿ ನೀರು ನಿಂತಿರೋ ತನಕ ಯಾವ ಪೌಡರ್ ಹಾಕಿದ್ರೂ ದುಡ್ಡು ದಂಡ. "ಕಾಫಿ ಸಸಿಗೂ ಹೀಗೇ ಅಮ್ಮಾ, ಮಡಿಗೆ ನೀರು ಜಾಸ್ತಿ ಆಗಿ ನೆರಳೂ ಜಾಸ್ತಿ ಆದ್ರೆ ಬುಡ ಕೊಳೆತು ಸಾಲು ಸಾಲೇ ಮಲಗತ್ತೆ, ಮೊದ್ಲು ನೀರು ನಿಲ್ಸು, ಗಾಳಿ ಬಿಡು, ಔಷಧಿ ಆಮೇಲೆ" ಅಂದ್ರು. ನಮಗೆ ಆ ಒಂದು ಮಾತಲ್ಲಿ ವಿಷಯ ಪೂರ್ತಿ ಅರ್ಥ ಆಯ್ತು.

ಇನ್ನು ರಿಪೇರಿ. ಕೊಳೆತ ಎಲೆ ಮತ್ತೆ ಗಟ್ಟಿ ಆಗಲ್ಲ, ಅದನ್ನ ಉಳಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮೆತ್ತಗಾದ ಎಲೆಗಳನ್ನೆಲ್ಲಾ ಪಕ್ಕಕ್ಕೆ ಬಗ್ಗಿಸಿ ಬುಡದಿಂದ ತೆಗೆದ್ರು, ಎಚೆವೇರಿಯಾ ಕಾಂಡ ಪೂರ್ತಿ ಬಯಲಾಯ್ತು, ಕೆಳಗಡೆ ಕಪ್ಪು. ಶೇವಿಂಗ್ ಬ್ಲೇಡಿಗೆ ಸ್ಪಿರಿಟ್ ಒರೆಸಿ ಕಪ್ಪು ಇರೋ ಜಾಗಕ್ಕಿಂತ ಸ್ವಲ್ಪ ಮೇಲೆ ಕೊಯ್ದು ತುಂಡಿನ ಮುಖ ತೋರಿಸಿದ್ರು. ಹೊರಗಡೆ ಹಸಿರಾಗೇ ಕಾಣ್ತಿತ್ತು, ಆದ್ರೆ ಕೊಯ್ದ ಮುಖದಲ್ಲಿ ಮಧ್ಯ ಒಂದು ಕಂದು ಉಂಗುರ ಇತ್ತು. ಕೊಳೆ ಒಳಗಿಂದ ಮೇಲೆ ಹತ್ತಿದೆ. ಮತ್ತೆ ಬ್ಲೇಡ್ ಒರೆಸಿ ಇನ್ನೂ ಮೇಲೆ ಕೊಯ್ದ್ರು, ಉಂಗುರ ಹೋಗಿ ಬರೀ ಒಂದು ಚುಕ್ಕಿ ಆಯ್ತು, ಮತ್ತೆ ಒರೆಸಿ ಮೇಲೆ ಹೋದ್ರು, ಕೊನೆಗೆ ತೆಳು ಹಸಿರು, ಒಂದು ಕಲೆ ಇಲ್ಲ, ಹಸಿ ಸೌತೆಕಾಯಿ ಕೊಯ್ದ ಹಾಗೆ ಸ್ವಚ್ಛ. ಅಲ್ಲಿಗೆ ನಿಲ್ಸಿದ್ರು. ಪ್ರತಿ ಸಲ ಬ್ಲೇಡ್ ಒರೆಸ್ತಾ ಇದ್ದಿದ್ದು ಯಾಕಂದ್ರೆ ಕೊಳೆತ ಕಡೆದು ಬ್ಲೇಡಿಂದಾನೇ ಒಳ್ಳೇ ಕಡೆಗೆ ದಾಟತ್ತೆ. ಆ ಚುಕ್ಕಿ ಉಳಿಸಿ ನೆಟ್ಟಿದ್ರೂ ಕೊಳೆ ಮತ್ತೆ ಮೇಲಕ್ಕೆ ಹತ್ತಿರೋದು. ಕೊನೆಗೆ ಉಳಿದಿದ್ದು ಒಂದು ಸಣ್ಣ ತಲೆ, ನಿಂಬೆಹಣ್ಣಿನಷ್ಟು.

ಅದನ್ನ ತಕ್ಷಣ ನೆಡೋಕೆ ಬಿಡ್ಲಿಲ್ಲ. ಕೊಯ್ದ ಮುಖ ಒಣಗಿ ಮೇಲೆ ಒಂದು ಪೊರೆ ಕಟ್ಟಬೇಕು, ಒಣ ಹವೆಯಲ್ಲಿ ನಾಲ್ಕೈದು ದಿನ ಸಾಕು, ನಮ್ಮೂರಿನ ಜಡಿಮಳೆಗೆ ವಾರ ಹತ್ತು ದಿನ ಹಿಡಿದ್ರೂ ಹಿಡೀತು, ಬಿಸಿಲಿಗಿಡಬೇಡಿ, ಗಾಳಿ ಆಡೋ ಕಡೆ ಪೇಪರ್ ಮೇಲೆ ಇಡಿ, ನೀರು ತಾಗಿಸಬೇಡಿ. ಬೇರಿಲ್ಲದ ಗಿಡ ಅಷ್ಟು ದಿನ ಬದುಕತ್ತಾ ಅಂತ ಗಾಬರಿ ಆಯ್ತು ನಂಗೆ. ಅದರ ಎಲೆಯೊಳಗೆ ನೀರಿನ ದಾಸ್ತಾನೇ ಇರೋವಾಗ ಯಾಕೆ ಬದುಕಲ್ಲ ಅಂದ್ರು. ಈ ಜಾತಿ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಕೊಂಡು ರಾತ್ರಿ ಬಿಡ್ತವೆ, ಹಾಗಾಗಿ ಒಳಗಿನ ನೀರು ಅಷ್ಟು ಸುಲಭಕ್ಕೆ ಆರಲ್ಲ. ಹಾವರ್ತಿಯಾದ ಕೊಳೆತ ಬೇರೆಲ್ಲಾ ತೆಗೆದ್ರು, ಅದರ ಬುಡ ಮಾತ್ರ ಕಲ್ಲಿನಂಗೆ ಗಟ್ಟಿ ಇತ್ತು, ಅದನ್ನೂ ಹಾಗೇ ಒಣಗಿಸೋಕೆ ಇಟ್ರು. ಜೇಡ್‌ದು ಮೇಲಿನ ಕೊಂಬೆ ಒಂದು ಚೆನ್ನಾಗಿತ್ತು, ಆದ್ರೆ ಎಲೆ ಕಾಂಡಕ್ಕೆ ಸೇರೋ ಸಂದೀಲಿ ಬಿಳೀ ಹತ್ತಿ ಥರ ಏನೋ ಕೂತಿತ್ತು. ಹಿಟ್ಟು ತಿಗಣೆ. ತೋಟ ಇರೋರಿಗೆ ಕಾಫಿ ಗಿಡದಲ್ಲಿ ನೋಡಿ ನೋಡಿ ಅಭ್ಯಾಸ ಇರತ್ತೆ. ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದು ಸಂದೀನೂ ಒರೆಸಿದ್ರು, ವಾರಕ್ಕೊಂದ್ಸಲ ಭೂತಗನ್ನಡಿ ಹಿಡಿದು ನೋಡಿ, ಮರಿ ಕಂಡ್ರೆ ಮತ್ತೆ ಒರೆಸಿ ಅಂದ್ರು. ಇದನ್ನ ಫೋಟೋದಲ್ಲಿ ಯಾರು ಕಂಡುಹಿಡೀತಾರೆ!

ಅವರ ಮಣ್ಣಿನ ಮಿಕ್ಸ್ ಬಗ್ಗೆ. ಕಾಫಿ ಸಸಿ ಚೀಲಕ್ಕೆ ತುಂಬೋ ಮಿಶ್ರಣ ಗೊತ್ತಲ್ಲ, ಕಾಡು ಮಣ್ಣು 6 ಪಾಲು, ಕಳಿತ ಕೊಟ್ಟಿಗೆ ಗೊಬ್ಬರ 2, ಮರಳು 1. ಸಕ್ಯುಲೆಂಟಿಗೆ ಇದನ್ನ ತಲೆಕೆಳಗು ಮಾಡ್ಬೇಕು ಅಂತಾರೆ. ಇವರ ಮಿಕ್ಸಲ್ಲಿ ಮುಕ್ಕಾಲು ಭಾಗ ಕಲ್ಲೇ, ಹೆಂಚು ಇಟ್ಟಿಗೆ ಒಡೆದ ಚೂರು, ಕಡಲೆ ಕಾಳಿಂದ ಬಟಾಣಿ ಗಾತ್ರದ ಒಳಗೆ, ಸ್ವಲ್ಪ ಇದ್ದಿಲು, ಉಳಿದ ಕಾಲು ಭಾಗ ಮಾತ್ರ ಕೋಕೋಪೀಟ್ ಮತ್ತೆ ಎರೆಗೊಬ್ಬರ. ಎಲ್ಲಕ್ಕಿಂತ ಇಷ್ಟ ಆಗಿದ್ದು ಇಟ್ಟಿಗೆ ಚೂರನ್ನ ಜರಡಿ ಹಿಡಿದು ಪುಡಿ ತೆಗೆದಿರ್ತಾರೆ, ತೊಳೆದೂ ಇರ್ತಾರೆ. ಪುಡಿ ಉಳಿದ್ರೆ ಅದೇ ನೀರಲ್ಲಿ ಇಳಿದು ತಳದಲ್ಲಿ ಕೆಸರಾಗಿ ಕೂರತ್ತೆ. ಎಂ ಸ್ಯಾಂಡ್ ಹಾಕಿದ್ರೂ ಇದೇ ತೊಂದ್ರೆ, ನುಣ್ಣನೆ ಪುಡಿ ಜಾಸ್ತಿ, ಬೇರೆ ಕಡೆ ತಗೊಂಡ ಮಿಕ್ಸಲ್ಲಿ ನೋಡಿದೀನಿ, ಒಣಗಿದ ಮೇಲೆ ಗಾರೆ ಥರ ಗಟ್ಟಿ ಆಗತ್ತೆ. ಈ ಮಿಕ್ಸಿಗೆ ನೀರು ಹಾಕಿದ್ರೆ ಸೊಂಯ್ ಅಂತ ತಳದಿಂದ ಇಳಿದು ಹೋಗೋದು ಕಣ್ಣಿಗೇ ಕಾಣತ್ತೆ.

ತೂತಿಲ್ಲದ ಬಟ್ಟಲಿಗೆ ತಳದಲ್ಲಿ ಜಲ್ಲಿ ಹಾಕಿದ್ರೆ ಸಾಕು ಅಂತ ತುಂಬಾ ಜನ ಹೇಳ್ತಾರೆ, ವೀಡಿಯೋಗಳಲ್ಲೂ ತೋರಿಸ್ತಾರೆ. ಅದು ಸರಿಯಲ್ಲ ಅಂತ ಯಜಮಾನ್ರು ಮಾಡಿ ತೋರಿಸಿದ್ರು. ಒದ್ದೆ ಕೋಕೋಪೀಟ್ ಮುದ್ದೆಯನ್ನ ಜಲ್ಲಿ ರಾಶಿ ಮೇಲೆ ಇಟ್ರು, ಒಂದು ಹನಿ ಕೆಳಗೆ ಇಳೀಲಿಲ್ಲ. ನುಣ್ಣನೆ ಮಣ್ಣು ನೀರನ್ನ ಹಿಡ್ಕೊಂಡೇ ಇರತ್ತೆ, ಅದು ಪೂರ್ತಿ ತುಂಬಿ ತುಳುಕಿದ ಮೇಲೇನೇ ಕಲ್ಲಿಗೆ ಇಳಿಯೋದು. ಹಾಗಾಗಿ ಜಲ್ಲಿ ಹಾಕಿದ್ರೆ ಒದ್ದೆ ಜಾಗ ಬೇರಿಗೆ ಇನ್ನೂ ಹತ್ರ ಬರತ್ತೆ ಅಷ್ಟೇ. ತೂತು ಬೇಕೇ ಬೇಕು. ನಮ್ಮ ಬಟ್ಟಲಿಗೆ ಅವರ ಮಗ ಟೈಲ್ಸ್ ಕೊರೆಯೋ ಬಿಟ್ ಹಾಕಿ, ನೀರು ಬಿಡ್ತಾ ನಿಧಾನಕ್ಕೆ ಮೂರು ತೂತು ಕೊರೆದು ಕೊಟ್ರು, ಅತ್ತಿಗೆ ಕೊಟ್ಟ ಬಟ್ಟಲು ಸೀಳು ಬಿಡದೆ ಉಳೀತು, ಅದು ನಂಗೆ ತುಂಬಾ ಖುಷಿ. ಎಚೆವೇರಿಯಾಗೆ ಮಾತ್ರ ಸಣ್ಣ ಮಣ್ಣಿನ ಕುಂಡ ತಗೊಂಡ್ವಿ, ಮಣ್ಣಿನ ಕುಂಡದ ಗೋಡೇಲೂ ತೇವ ಆರತ್ತೆ, ಮಳೆಗಾಲಕ್ಕೆ ಅದೇ ಒಳ್ಳೇದು. ದೊಡ್ಡ ಕುಂಡ ಕೇಳಿದ್ದಕ್ಕೆ ಬೇಡ ಅಂದ್ರು, ಗಿಡಕ್ಕಿಂತ ಕುಂಡ ತುಂಬಾ ದೊಡ್ಡದಾದ್ರೆ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿಯತ್ತೆ ಅಂತ. ಜಾಸ್ತಿ ದುಡ್ಡಿನ ಕುಂಡ ಮಾರೋ ಅವಕಾಶ ಇದ್ದಾಗ ಬೇಡ ಅನ್ನೋ ವ್ಯಾಪಾರಿ ಇವರು.

ರೇಟು ಹೇಳ್ಬೇಕಂದ್ರೆ ಗಿಡ ನೋಡಿ ಹೇಳಿದ್ದಕ್ಕೆ ಏನೂ ತಗೊಳ್ಳಲಿಲ್ಲ. ಮಿಕ್ಸ್ ಕೆಜಿಗೆ 60 ರೂಪಾಯಿ, ತೂತು ಕೊರೆದಿದ್ದಕ್ಕೆ 30, ಕುಂಡ 40. ಮಿಕ್ಸ್ ರೇಟು ಸ್ವಲ್ಪ ಜಾಸ್ತೀನೇ, ಇಟ್ಟಿಗೆ ಚೂರು ಭಾರ ಅಲ್ವಾ, ಕೆಜಿ ಅಂದ್ರೆ ಕಣ್ಣಿಗೆ ಕಾಣೋ ಅಷ್ಟು ಬರಲ್ಲ. ಲೀಟರ್ ಲೆಕ್ಕದಲ್ಲಿ ಡಬ್ಬ ಅಳತೆ ಇಟ್ರೆ ಗಿರಾಕಿಗೆ ಸರಿ ಹೋಗತ್ತೆ. ಸಮಯ ಇರೋರು ಮನೇಲೇ ಇಟ್ಟಿಗೆ ಒಡೆದು ಜರಡಿ ಹಿಡೀಬಹುದು, ಹೇಗೆ ಅಂತ ಅವರೇ ಹೇಳ್ಕೊಡ್ತಾರೆ, ಮುಚ್ಚುಮರೆ ಇಲ್ಲ.

ಕೊರತೆಗಳೂ ಇವೆ, ಹೇಳಲೇಬೇಕು. ಸಕ್ಯುಲೆಂಟ್ ಇಟ್ಟಿರೋ ರ್‍ಯಾಕ್ ನೆಟ್ ಕೆಳಗೆ ಇದೆ, ನೆಟ್ ಬಿಸಿಲು ತಡೆಯತ್ತೆ ಮಳೆ ತಡೆಯಲ್ಲ, ನಾವು ಹೋದಾಗ ಮುಂದಿನ ಸಾಲಿನ ಎಚೆವೇರಿಯಾಗಳ ನಡುವೆ ನೀರು ನಿಂತಿತ್ತು. ಇಷ್ಟೆಲ್ಲಾ ಗೊತ್ತಿರೋರು ಮೇಲೆ ಒಂದು ಪಾರದರ್ಶಕ ಶೀಟ್ ಹಾಕಿಸ್ಬೇಕು, ಅಲ್ಲಿ ಗಿಡ ಕೊಳ್ಳೋರು ಹಿಂದಿನ ಸಾಲಿಂದ ಆರಿಸ್ಕೊಳ್ಳಿ, ಕೊಳ್ಳೋಕೆ ಮುಂಚೆ ಕೆಳಗಿನ ಎಲೆ ಒತ್ತಿ ನೋಡಿ. ಹೆಸರಿನ ಚೀಟಿ ನಂಬೋ ಹಾಗಿಲ್ಲ, ನೋಡಕ್ಕೆ ಅದೇ ಥರ ಇರೋ ಬೇರೆ ಗಿಡ ಗ್ರಾಪ್ಟೋಪೆಟಲಮ್ಮಿಗೂ ಎಚೆವೇರಿಯಾ ಅಂತಾನೇ ಬರೆದಿದೆ. ಪೇಂಟ್ ಮಾಡಿರೋ ತೂತಿಲ್ಲದ ಪಿಂಗಾಣಿ ಪಾಟ್‌ಗಳನ್ನ ಇವರೂ ಮಾರ್ತಾರೆ, ಕೇಳಿದ್ರೆ ಕೊರೆದು ಕೊಡ್ತಾರೆ ನಿಜ, ಕೇಳದೆ ತಗೊಂಡು ಹೋಗೋರ ಗತಿ ಏನು? ಕೊರೆದೇ ಇಡ್ಬೇಕು. ಮಗ ಸ್ವಲ್ಪ ಚುಟುಕು ಮಾತು, ಅಪ್ಪನ ಥರ ಕೂತು ವಿವರಿಸಲ್ಲ, ಆದ್ರೆ ಕೈ ಕೆಲಸ ಅಚ್ಚುಕಟ್ಟು. ಬಿಲ್ ಕೇಳಿ ತಗೋಬೇಕು.

ಗಿಡಗಳು ಏನಾದ್ವು ಅಂತ ಹೇಳ್ತೀನಿ. ಎಚೆವೇರಿಯಾ ತಲೆಗೆ ಪೊರೆ ಕಟ್ಟಿದ ಮೇಲೆ ಒಣ ಮಿಕ್ಸ್ ಮೇಲೆ ಸುಮ್ನೆ ಕೂರಿಸಿದ್ವಿ, ನೀರಿಲ್ಲ. ಆಶ್ಲೇಷ ಮಳೆ ಹೊತ್ತಿಗೆ ಮೆಲ್ಲಗೆ ಎತ್ತಿ ನೋಡಿದ್ರೆ ಬುಡದಲ್ಲಿ ಗುಲಾಬಿ ಬಣ್ಣದ ಕೂದಲೆಳೆ ಬೇರು ಬಂದಿದೆ. ಆಗ ಮೊದಲನೇ ನೀರು, ಅದೂ ಬುಡಕ್ಕೆ, ಎಲೆ ಮೇಲಲ್ಲ. ಕಿತ್ತ ಎಲೆಗಳಲ್ಲಿ ಗಟ್ಟಿ ಇದ್ದು ಬುಡ ಹರೀದೆ ಪೂರ್ತಿ ಬಂದಿದ್ದನ್ನ ಯಜಮಾನ್ರು ಬೇರೆ ಪೊಟ್ಟಣ ಕಟ್ಟಿ ಕೊಟ್ಟಿದ್ರು, ಒಣ ತಟ್ಟೇಲಿ ಹರಡಿಟ್ವಿ, ಕೆಲವು ಸುಕ್ಕಾಗಿ ಹೋದ್ವು, ಕೆಲವದರ ತುದೀಲಿ ಸಾಸಿವೆಯಷ್ಟು ಗಿಡ ಎದ್ದಿದೆ, ಎಲೆ ಎಲೆ ಎಣಿಸೋ ಹಾಗೆ ಕಾಣತ್ತೆ ಅಷ್ಟು ಸಣ್ಣದರಲ್ಲೂ. ಹಾವರ್ತಿಯಾ ನಿಧಾನ, ಬೇರು ಬಿಡೋಕೆ ತುಂಬಾ ದಿನ ತಗೊಂಡ್ತು, ಈಗ ಎಲೆ ತುಂಬ್ಕೊಂಡಿದೆ. ಜೇಡ್ ಕೊಂಬೆ ಚಿಗುರಿದೆ, ಹಿಟ್ಟು ತಿಗಣೆ ಒಂದ್ಸಲ ಮತ್ತೆ ಕಾಣಿಸ್ಕೊಂಡು ಹೋಯ್ತು.

ಮಳೆ ಇದ್ದ ಮೇಲೆ ಮಲೆನಾಡಲ್ಲಿ ಈ ಗಿಡ ಬದುಕೋದೇ ಇಲ್ಲ ಅಂತ ಹೇಳೋರು ತುಂಬಾ ಜನ, ನಾನು ಅದನ್ನ ಒಪ್ಪಲ್ಲ. ಎಚೆವೇರಿಯಾ ಮೆಕ್ಸಿಕೋ ಕಡೆ ಬೆಟ್ಟದ್ದು, ಅಲ್ಲೂ ಮಳೆಗಾಲ ಇದೆ, ಆದ್ರೆ ಅದು ಬೆಳೆಯೋದು ಬಂಡೆ ಸಂದೀಲಿ, ಬಿದ್ದ ನೀರು ಆ ಕ್ಷಣಕ್ಕೇ ಹರಿದು ಹೋಗತ್ತೆ. ನಮ್ಮಲ್ಲಿ ಗಿಡ ಸಾಯ್ತಿರೋದು ಮಳೆಯಿಂದ ಅಂತ ಅಲ್ಲ, ತೂತಿಲ್ಲದ ಬಟ್ಟಲು, ಬಿಚ್ಚದ ಬಲೆ ಚೀಲ, ಬರೀ ಕೋಕೋಪೀಟಲ್ಲಿ ನೆಟ್ಟು ಮಾರೋರಿಂದ. ಹಾಸನದಲ್ಲಿರೋ ನನ್ನ ತಂಗಿ ಮನೇಲೂ ಇಂಥದ್ದೇ ಬಟ್ಟಲು ಇತ್ತು, ಅಲ್ಲಿ ಇಷ್ಟು ಜಡಿಮಳೆ ಇಲ್ಲ, ಆದ್ರೂ ಕೊಳೀತು. ಅವಳೂ ಗಿಡ ತಂದು ಇಲ್ಲೇ ತೋರಿಸಿದ್ಲು.

ಹೋಗೋರಿಗೆ ಒಂದೆರಡು ವಿಷಯ. ಫೋಟೋ ತಗೊಂಡು ಹೋಗ್ಬೇಡಿ, ಗಿಡ ಪಾಟ್ ಸಮೇತ ತಗೊಂಡು ಹೋಗಿ, ಹೋಗೋ ಹಿಂದಿನ ದಿನ ನೀರು ಹಾಕ್ಬೇಡಿ, ಹಾಕಿದ್ರೆ ಕಡ್ಡಿ ಚುಚ್ಚಿ ನೋಡಿದ್ರೂ ಏನೂ ಗೊತ್ತಾಗಲ್ಲ. ಬೆಳಿಗ್ಗೆ ಹೊತ್ತು ಹೋದ್ರೆ ಯಜಮಾನ್ರು ಇರ್ತಾರೆ, ಮಧ್ಯಾಹ್ನದ ಮೇಲೆ ಹೆಚ್ಚಾಗಿ ಮಗ ಒಬ್ರೇ. ಭಾನುವಾರ ಗಿಡ ಕೊಳ್ಳೋರ ರಶ್ ಇರತ್ತೆ, ಕೂತು ನೋಡೋಕೆ ಅವರಿಗೆ ಪುರುಸೊತ್ತಿರಲ್ಲ. ಫೋನ್ ಪೇ, ಗೂಗಲ್ ಪೇ ಎರಡೂ ನಡೆಯತ್ತೆ. ಕಾರು ರಸ್ತೆ ಅಂಚಲ್ಲೇ ನಿಲ್ಲಿಸ್ಬೇಕು, ಬಸ್ಸು ಜೋರಾಗಿ ಬರ್ತವೆ, ಮಕ್ಕಳಿದ್ರೆ ಎಡಗಡೆ ಬಾಗಿಲಿಂದ ಇಳಿಸಿ. 5ಕ್ಕೆ ನಾನು 4 ಕೊಡ್ತೀನಿ, ಆ ರ್‍ಯಾಕ್ ಮೇಲೆ ಶೀಟ್ ಹಾಕಿಸಿದ ದಿನ ಇನ್ನೊಂದು ಸೇರಿಸ್ತೀನಿ.